ವೇದಿಕೆಯ ಮೇಲೆ ಕೂತ ಮಕ್ಕಳು



ಗಾಯಕರೊಬ್ಬರ ಬಗ್ಗೆ ಮಾತಾಡುತ್ತೇನೆ ಅಂದಾಗ ನಿಮ್ಮಲ್ಲಿ ಹಲವರಿಗೆ ಗದಗಿನ ಪುಟ್ಟರಾಜ ಗವಾಯಿಗಳು ನೆನಪಾಗಿರಬೇಕು. ತಮಗೇ ಕಣ್ಣಿಲ್ಲದಿದ್ದರೂ ನಾಟಕ ಕಂಪನಿ ಕಟ್ಟಿ, ಅದರ ಗಳಿಕೆಯನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ಸುರಿದು, ಅಂಧ ಮಕ್ಕಳನ್ನು ಗಾಯಕರನ್ನಾಗಿ ಮಾಡಿದವರು. ಆದರೆ ಆ ಕಥೆಯನ್ನು ಇಲ್ಲಿರುವ ಗದಗ, ಹಾವೇರಿ ಕಡೆಯವರು ನನಗಿಂತ ಚೆನ್ನಾಗಿ ಹೇಳುತ್ತೀರಿ. ನಾನು ಹೇಳಹೊರಟಿರುವುದು ನಾವು ಈಗ ಬದುಕುತ್ತಿರುವ ಊರಿನ ಕಥೆ. ಗಾಯಕರ ಹೆಸರು ನೀಲ್ ಯಂಗ್.

ನಮ್ಮಲ್ಲಿ ಎಷ್ಟೋ ಜನ ದಿನಾ ಕೆಲಸಕ್ಕೆ ಹೋಗುವುದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂದ ಆಂಫಿಥಿಯೇಟರ್ ಪಾರ್ಕ್‌ವೇ ಮೇಲೆ. ಅಲ್ಲೇ ಪಕ್ಕದಲ್ಲಿರುವ ಶೋರ್‌ಲೈನ್ ಬಯಲು ರಂಗಮಂದಿರದಲ್ಲಿ 1986ರಿಂದ 2016ರವರೆಗೆ, 1987 ಒಂದನ್ನು ಬಿಟ್ಟು, ಪ್ರತಿವರ್ಷ ಬ್ರಿಜ್ ಸ್ಕೂಲ್ ಎಂಬ ಶಾಲೆಗಾಗಿ ನೀಲ್ ಯಂಗ್ ಮುಂದಾಳುತನದಲ್ಲಿ ಸಂಗೀತ ಕಾರ್ಯಕ್ರಮ ನಡೆಯುತ್ತಿತ್ತು. ಮೊದಲ ವರ್ಷವೇ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬಂದು ಹಾಡಿದರು. ಅಬ್ಬರಕ್ಕೇ ಹೆಸರಾದ ಮೆಟಾಲಿಕಾ ತಂಡದವರೂ ಇಲ್ಲಿ ಎಲೆಕ್ಟ್ರಿಕ್ ಗಿಟಾರ್ ಬದಿಗಿಟ್ಟು ನುಡಿಸಿದರು. ಅದು ಅಲ್ಲಿನ ಕಟ್ಟಳೆ.

ನೀಲ್ ಯಂಗ್ ದನಿ ಕೀರಲು ದನಿ. ಪಿ.ಬಿ. ಶ್ರೀನಿವಾಸ್ ಕೇಳಿ ಬೆಳೆದ ಕಿವಿಗೆ ಅದು ಸುಲಭಕ್ಕೆ ಒಗ್ಗುವುದಿಲ್ಲ. ನನಗೆ ಈಗಲೂ ಪೂರ್ತಿ ಒಗ್ಗಿಲ್ಲ. ಆದರೆ ಆ ಮನುಷ್ಯನ ಬಗ್ಗೆ ಗೌರವ ಬೆಳೆಯುತ್ತಲೇ ಹೋಗಿದೆ. ಅವರ ಇಬ್ಬರು ಗಂಡುಮಕ್ಕಳಿಗೂ ಸೆರೆಬ್ರಲ್ ಪಾಲ್ಸಿ. ಚಿಕ್ಕವನಿಗೆ ಕೈಕಾಲು ಆಡದು, ಮಾತೂ ಬಾರದು. 1982-83ರ ಹೊತ್ತಿಗೆ 'ಟ್ರಾನ್ಸ್' ಅನ್ನುವ ಆಲ್ಬಮ್ ಬಂತು. ಅದರಲ್ಲಿ ವೋಕೋಡರ್ ಯಂತ್ರದ ಮೂಲಕ ಹಾಯಿಸಿದ ದನಿ. ಮಾತುಗಳೇ ಸರಿಯಾಗಿ ಕೇಳಿಸವು. ಅಭಿಮಾನಿಗಳು ಗೊಣಗಿದರು. 'ಇದು ನಿಮ್ಮ ಸಂಗೀತವೇ ಅಲ್ಲ' ಎಂದು ಆ ಆಲ್ಬಮ್ ಹೊರತಂದ ಗೆಫನ್ ರೆಕಾರ್ಡ್ಸ್ ಕಂಪನಿಯೇ ಅವರ ಮೇಲೆ 33 ಲಕ್ಷ ಡಾಲರ್ ದಾವೆ ಹೂಡಿತು. ಮುಂದೆ ಆ ದಾವೆ ಬಿದ್ದುಹೋಯಿತು, ಅದು ಬೇರೆ ಮಾತು. ಆ ಹಾಡುಗಳು ಮಾತು ಬಾರದ ಮಗನ ಜೊತೆ ಮಾತಾಡಲು ಹೆಣಗಿದ್ದರಿಂದ ಹುಟ್ಟಿದವು ಎಂದು ಅವರು ಬಾಯಿಬಿಟ್ಟು ಹೇಳಿದ್ದು ಆಮೇಲೆ. ಅದೇ ಮಗ ಒಂದು ಗುಂಡಿ ಒತ್ತಿ ಆಟದ ರೈಲು ಓಡಿಸಲಿ ಎಂದು ಉಪಕರಣ ಮಾಡಹೊರಟವರು, ಕೊನೆಗೆ ಲಯನೆಲ್ ಎಂಬ ಆಟದ ರೈಲಿನ ಕಂಪನಿಯಲ್ಲೇ ಪಾಲುದಾರರಾದರು!

ಬ್ರಿಜ್ ಸ್ಕೂಲಿನ ವಿಷಯಕ್ಕೆ ಬಂದರೆ, ಹೆಸರು ಗಾಯಕರದ್ದು, ದುಡಿಮೆ ಬಹುಪಾಲು ಅವರ ಆಗಿನ ಪತ್ನಿ ಪೆಗಿ ಯಂಗ್ ಅವರದ್ದು. ಮಗನಿಗೆ ತಕ್ಕ ಶಾಲೆ ಸಿಗದಿದ್ದಾಗ, ಇನ್ನೊಬ್ಬ ಪೋಷಕರನ್ನೂ ವಾಕ್ ಚಿಕಿತ್ಸಕಿ ಮರಿಲಿನ್ ಬುಜೊಲಿಕ್ ಅವರನ್ನೂ ಜೊತೆ ಹಾಕಿಕೊಂಡು ಶಾಲೆ ತೆರೆದವರು ಅವರು. ಪೆಗಿ 2019ರ ಜನವರಿ 1ರಂದು ತೀರಿಕೊಂಡರು. ಶಾಲೆ ಇರುವುದು ಇಲ್ಲೇ ಹಿಲ್ಸ್‌ಬರೋದಲ್ಲಿ. ಮಕ್ಕಳು ಕೊನೆವರೆಗೆ ಅಲ್ಲೇ ಇರಲಿ ಅನ್ನುವುದು ಅದರ ಉದ್ದೇಶವಲ್ಲ. ಸಂವಹನ ಕಲಿತು ತಮ್ಮ ತಮ್ಮ ಊರಿನ ಸಾಮಾನ್ಯ ಶಾಲೆಗೆ ಮರಳಬೇಕು.

ಆ ಕಲಿಕೆ ಹೇಗೆ ಅಂದರೆ, ಪರದೆಯ ಮೇಲೆ ಚಿತ್ರಗಳ ಚೌಕಗಳಿರುತ್ತವೆ. ಒಂದೊಂದಾಗಿ ಬೆಳಗುತ್ತಾ ಹೋಗುತ್ತವೆ. ತನಗೆ ಬೇಕಾದದ್ದು ಬೆಳಗಿದ ಕ್ಷಣ ಮಗು ತಲೆಯ ಪಕ್ಕದ ಸ್ವಿಚ್ಚನ್ನು ಕೆನ್ನೆಯಿಂದ ಒತ್ತಬೇಕು. ತಪ್ಪಿದರೆ ಸರದಿ ಮತ್ತೆ ಬರುವವರೆಗೆ ಕಾಯಬೇಕು. ನೀರು ಬೇಕು ಅನ್ನಲು ಒಂದೆರಡು ನಿಮಿಷ ಹಿಡಿದೀತು. ಕೇಳುವವರು ಅಷ್ಟು ಹೊತ್ತು ಬಾಯಿ ಹಾಕದೆ ಕಾಯಬೇಕು. ನಮಗೆ ಕಷ್ಟವಾಗುವುದು ಅದೇ.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿ. ನಮ್ಮೂರುಗಳಲ್ಲಿ ಗಾಲಿಕುರ್ಚಿ ಹಂಚುವ ಸಮಾರಂಭ ನೋಡಿದ್ದೀರಿ. ದಾನಿಗಳು ಶಾಮಿಯಾನದಡಿ ಹಾರ ಹಾಕಿಕೊಂಡು, ಫಲಾನುಭವಿಗಳು ಬಿಸಿಲಲ್ಲಿ ಸಾಲಾಗಿ. ಶೋರ್‌ಲೈನ್‌ನಲ್ಲಿ ಶಾಲೆಯ ಮಕ್ಕಳು ತಮ್ಮ ಮನೆಯವರೊಂದಿಗೆ ವೇದಿಕೆಯ ಮೇಲೆಯೇ, ಹಾಡುವವರ ಬೆನ್ನ ಹಿಂದೆ ಎತ್ತರದ ಜಾಗದಲ್ಲಿ ಕೂರುತ್ತಿದ್ದರು. ಇದೂ ಒಂದು ಪ್ರದರ್ಶನವೇ ಅಲ್ಲವೇ ಅಂತ ಕೇಳಬಹುದು. ಆದರೆ ಅವರನ್ನು ಯಾರೂ ಮೈಕಿನ ಮುಂದೆ ನಿಲ್ಲಿಸಿ ಕೃತಜ್ಞತೆ ಹೇಳಿಸುತ್ತಿರಲಿಲ್ಲ. ಅವರು ಕೇಳುಗರು, ಎಲ್ಲರಿಗಿಂತ ಒಳ್ಳೆಯ ಜಾಗ ಅವರದು. ಹಾಡುವವರು ಎಷ್ಟೋ ಸಲ 20,000 ಜನರಿಗೆ ಬೆನ್ನು ಹಾಕಿ, ಮಕ್ಕಳತ್ತ ತಿರುಗಿ ಹಾಡುತ್ತಿದ್ದರು. ಟಿಕೆಟ್ ಕೊಂಡವರು ಬೆನ್ನು ನೋಡಿಕೊಂಡೇ ಚಪ್ಪಾಳೆ ತಟ್ಟುತ್ತಿದ್ದರು.

ನಮ್ಮ ಈ ಕನ್ನಡ ಸಂಘದ ಕುಟುಂಬಗಳಲ್ಲೂ ಇಂಥ ಮಕ್ಕಳಿದ್ದಾರೆ. ಯುಗಾದಿಗೆ, ಗಣೇಶನ ಹಬ್ಬಕ್ಕೆ ತಂದೆತಾಯಿಯಲ್ಲಿ ಒಬ್ಬರೇ ಬರುತ್ತಾರೆ, ಇನ್ನೊಬ್ಬರು ಮನೆಯಲ್ಲಿ. ಯಾಕೆ ಅಂತ ನಾವು ಕೇಳುವುದಿಲ್ಲ, ಅದನ್ನೇ ಮರ್ಯಾದೆ ಅಂದುಕೊಂಡಿದ್ದೇವೆ. ಇನ್ನೊಂದು ಮಾತು: ಮಗುವಿಗೆ ಮಾತು ತಡವಾದರೆ ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಸಾಕು ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಎರಡು ಭಾಷೆ ಕೇಳುವುದರಿಂದ ಈ ಮಕ್ಕಳಿಗೆ ಕೆಡುಕಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಕನ್ನಡದ ಮಕ್ಕಳ ಮಾತನ್ನು ಬಲ್ಲವರು ಅಲ್ಲಿದ್ದಾರೆ. ದನಿ ಮುದ್ರಿಸಿಟ್ಟುಕೊಳ್ಳುವ ದೊಡ್ಡ ಗುಂಡಿಯ ಉಪಕರಣ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ 'ಅಜ್ಜಿ, ಊಟ ಆಯ್ತಾ?' ಎಂದು ಮುದ್ರಿಸಿಕೊಡಿ. ಭಾನುವಾರ ದಾವಣಗೆರೆಗೆ ಫೋನ್ ಮಾಡಿದಾಗ ಮಗು ಒತ್ತಲಿ. ಅಜ್ಜಿ ಉತ್ತರ ಕೊಡದೆ ಇರುತ್ತಾರೆಯೇ?

ಸಮಿತಿಯವರಲ್ಲಿ ಕೋರಿಕೆ ಇಷ್ಟೇ. ರಾಜ್ಯೋತ್ಸವಕ್ಕೆ ಸಭಾಂಗಣ ಗೊತ್ತುಮಾಡುವಾಗ ವೇದಿಕೆಗೆ ರ‍್ಯಾಂಪ್ ಇದೆಯೇ ಅಂತ ಮೊದಲು ನೋಡಿ. ಮುಂದಿನ ಸಾಲಿನ ಗಣ್ಯರ ಸೋಫಾಗಳಲ್ಲಿ ಎರಡನ್ನು ತೆಗೆದರೆ ನಾಲ್ಕು ಗಾಲಿಕುರ್ಚಿ ಹಿಡಿಯುತ್ತವೆ. ಸ್ಪೀಕರ್ ಸದ್ದು ತಡೆಯದ ಮಕ್ಕಳಿಗೆ ಪಕ್ಕದಲ್ಲೊಂದು ಕೋಣೆ ಬೇಕು. ಕೋಲಾಟದ ತಂಡದಲ್ಲಿ ಒಂದು ಮಗು ತಾಳ ತಪ್ಪಿದರೆ ಹಾಡು ನಿಲ್ಲಿಸಬೇಡಿ. ಕಾರ್ಯದರ್ಶಿಗಳು ಅಲ್ಲಿಂದಲೇ ತಲೆ ಅಲ್ಲಾಡಿಸುತ್ತಿದ್ದಾರೆ. ಅದು ಹೌದು ಅಂತಲೋ ಅಲ್ಲ ಅಂತಲೋ ಊಟದ ಹೊತ್ತಿಗೆ ಅವರನ್ನೇ ಹಿಡಿದು ಕೇಳುತ್ತೇನೆ.