ನಿಮ್ಮ ಸರ್‌ನೇಮ್ ಏನು? ವೀಸಾಗೆ ಮುಂಚೆ ಹೆಸರು ಸರಿ ಮಾಡ್ಕೊಳ್ಳಿ

ಇವತ್ತು ಒಂದು ಸಣ್ಣ ಪ್ರಶ್ನೆ: ನಿಮ್ಮ ಸರ್‌ನೇಮ್ ಏನು?

ನಮ್ಮಲ್ಲಿ ಬಹಳ ಜನರ ಹತ್ರ ಇದಕ್ಕೆ ಉತ್ತರ ಇಲ್ಲ. ಉತ್ತರ ಕರ್ನಾಟಕದ ಕಡೆ ಪಾಟೀಲ, ಹಿರೇಮಠ ಅಂತ ಅಡ್ಡಹೆಸರು ಇರುತ್ತೆ. ಹಳೇ ಮೈಸೂರಿನ ಕಡೆ ಇನಿಷಿಯಲ್ಲೇ ಗತಿ. ಹೆಚ್.ಎನ್. ಮಂಜುನಾಥ ಅಂತ ಇಟ್ಕೊಳ್ಳಿ. ಹೆಚ್ ಅಂದ್ರೆ ಹಾಸನ, ಎನ್ ಅಂದ್ರೆ ಅಪ್ಪ ನಾಗರಾಜು. ನಮಗೆ ಇಷ್ಟು ಸಾಕು. ಇಮಿಗ್ರೇಷನ್ ಫಾರಂಗೆ ಸಾಕಾಗಲ್ಲ.

ಪಾಸ್‌ಪೋರ್ಟ್‌ನಲ್ಲಿ ಎರಡು ಕಾಲಂ ಇರುತ್ತೆ: ಸರ್‌ನೇಮ್, ಗಿವನ್ ನೇಮ್. ಇನಿಷಿಯಲ್ ಹಾಕೋ ಹಾಗಿಲ್ಲ, ಬಿಡಿಸಿ ಬರೀಬೇಕು. ನಾನು ಏನ್ ಮಾಡಿದೆ? ಪೂರ್ತಿ ಹೆಸರು ಗಿವನ್ ನೇಮ್‌ಗೆ ತುಂಬಿ ಸರ್‌ನೇಮ್ ಖಾಲಿ ಬಿಟ್ಟೆ. ಪಾಸ್‌ಪೋರ್ಟ್ ಆರಾಮಾಗಿ ಬಂತು. ತೊಂದರೆ ಶುರುವಾಗಿದ್ದೇ ಆಮೇಲೆ.

ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಖಾಲಿ ಇರೋ ಹಾಗಿಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಕಾಲಂ ತುಂಬಿದ್ರೆ ಆ ಹೆಸರೆಲ್ಲ ಸರ್‌ನೇಮ್ ಆಗುತ್ತೆ. ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಬರುತ್ತೆ, ಅಂದ್ರೆ ‘ಫಸ್ಟ್ ನೇಮ್ ಅನ್‌ನೋನ್’. ಅಪ್ಪ ಅಮ್ಮ ತೊಟ್ಟಿಲಲ್ಲಿ ಇಟ್ಟ ಹೆಸರು ಅಲ್ಲಿ ‘ಗೊತ್ತಿಲ್ಲ’! ಕ್ಲಿನಿಕ್‌ನಲ್ಲಿ ನನ್ನನ್ನ ‘ಫ್ನು’ ಅಂತ ಕರೆದ್ರು. ನಕ್ಕು ಸುಮ್ಮನಾದೆ. ಆದ್ರೆ ಬ್ಯಾಂಕಲ್ಲಿ ಒಂದು ಹೆಸರು, ಲೈಸೆನ್ಸ್‌ನಲ್ಲಿ ಇನ್ನೊಂದು ಆಗಿ, ಕೆಲಸಕ್ಕೆ ಸೇರೋವಾಗ ವೆರಿಫಿಕೇಷನ್ ನಿಂತು ಮೂರು ವಾರದ ಸಂಬಳ ಹೋದಾಗ ನಗು ಬರಲಿಲ್ಲ.

ದುಬೈಗೆ ಹೋಗೋರೂ ಕೇಳಿ. 2022ರ ನವೆಂಬರ್ 21ರಿಂದ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರೋರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತು. ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ರೆ ಆಗುತ್ತೆ ಅಂತ ಆಮೇಲೆ ಸಡಿಲ ಮಾಡ್ತು. ಟಿಕೆಟ್ ತಗೊಳ್ಳೋ ಮುಂಚೆ ಏರ್‌ಲೈನ್‌ನ ಒಂದ್ಸಲ ಕೇಳಿಬಿಡಿ.

ಹಾಗಾದ್ರೆ ಏನ್ ಮಾಡ್ಬೇಕು?

ಒಂದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪಾನ್, ಪಾಸ್‌ಪೋರ್ಟ್ ನಾಲ್ಕನ್ನೂ ಟೇಬಲ್ ಮೇಲೆ ಹರಡಿ. ಇಂಗ್ಲಿಷ್ ಸ್ಪೆಲ್ಲಿಂಗ್ ಅಕ್ಷರ ಅಕ್ಷರ ನೋಡಿ. ಕನ್ನಡದಲ್ಲಿ ಲಕ್ಷ್ಮಿ ಒಂದೇ. ಇಂಗ್ಲಿಷಲ್ಲಿ ‘ಕೆ-ಎಸ್-ಎಚ್’ ಒಬ್ಬಳು, ‘ಎಕ್ಸ್’ ಇನ್ನೊಬ್ಬಳು.

ಎರಡು, ಸರ್‌ನೇಮ್ ಖಾಲಿ ಇದ್ರೆ ಪಾಸ್‌ಪೋರ್ಟ್ ಸೇವಾದಲ್ಲಿ ರೀಇಶ್ಯೂಗೆ ಹಾಕಿ. ಮೊದಲು ಪಾಸ್‌ಪೋರ್ಟ್, ಆಮೇಲೆ ಯೂನಿವರ್ಸಿಟಿಯ ಐ-20, ಆಮೇಲೆ ವೀಸಾ, ಕೊನೆಗೆ ಟಿಕೆಟ್. ಈ ಕ್ರಮ ತಪ್ಪಿದ್ರೆ ಎಲ್ಲಾ ಕಡೆ ತಿದ್ದಿಸ್ತಾ ಓಡಾಡ್ಬೇಕು. ಯಾವ ಹೆಸರನ್ನ ಸರ್‌ನೇಮ್ ಮಾಡ್ತೀರೋ ಅದರಲ್ಲೇ ಕರೀತಾರೆ, ನೆನಪಿರಲಿ. ಅಪ್ಪನ ಹೆಸರು ಹಾಕಿದ್ರೆ ಮಂಜುನಾಥ ಅಲ್ಲಿ ‘ಮಿಸ್ಟರ್ ನಾಗರಾಜು’.

ಮೂರು, ಡಿಎಸ್-160 ಫಾರಂ ‘ಬೇರೆ ಹೆಸರು ಬಳಸಿದ್ದೀರಾ?’ ಅಂತ ಕೇಳುತ್ತೆ. ಬಳಸಿದ್ರೆ ಹೌದು ಅನ್ನಿ. ಹೆಸರು ಎರಡಿದ್ರೆ ವಿವರಿಸಬಹುದು, ಮುಚ್ಚಿಟ್ಟಿದ್ದು ಸಿಕ್ಕಿಬಿದ್ರೆ ಕಷ್ಟ.

ನಾಲ್ಕು, ಅಮೆರಿಕಕ್ಕೆ ಇಳಿದ ವಾರದಲ್ಲೇ ಆನ್‌ಲೈನ್‌ನಲ್ಲಿ ಐ-94 ತೆಗೆದು ನೋಡಿ. ತಪ್ಪಿದ್ರೆ ಸಿಬಿಪಿಯ ಡಿಫರ್ಡ್ ಇನ್ಸ್‌ಪೆಕ್ಷನ್ ಆಫೀಸಲ್ಲಿ ತಿದ್ದಿಸ್ಕೊಳ್ಳಿ. ಲೈಸೆನ್ಸು, ಸೋಷಿಯಲ್ ಸೆಕ್ಯುರಿಟಿ ಎಲ್ಲ ಅದಾದ ಮೇಲೆ.

ವಿದೇಶಕ್ಕೆ ಹೋಗೋ ಯೋಚನೆ ಈಗ ಇಲ್ಲದಿದ್ರೂ, ಇವತ್ತು ಮನೆಗೆ ಹೋದ್ಮೇಲೆ ಪಾಸ್‌ಪೋರ್ಟ್ ಒಮ್ಮೆ ತೆಗೆದು ನೋಡಿ. ಸರ್‌ನೇಮ್ ಕಾಲಂ ಖಾಲಿ ಇದೆಯಾ? ಹಾಗಿದ್ರೆ ತಿದ್ದಿಸೋಕೆ ಇದೇ ಒಳ್ಳೇ ಟೈಮು. ಮುಂದಿನ ಸಂಚಿಕೆಯಲ್ಲಿ ಸಿಗೋಣ.