ಸುಲಭವೋ, ಕಠಿಣವೋ?



ಆಟವೆಂದಮೇಲೆ ಗೆಲುವು ಸೋಲು ಇದ್ದದ್ದೇ. ಆದರೆ ಸೋಲೆಂಬುದನ್ನೇ ಅಳಿಸಿಹಾಕಿದ ಆಟವೊಂದುಂಟು. ಅಲ್ಲಿ ತಪ್ಪಿದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಒಂದೇ ನೆಗೆತವನ್ನು ನೂರು ಬಾರಿ ತಿದ್ದಬಹುದು. ಇಂಥ ಆಟದಲ್ಲಿಯೂ ಆಡುವವನು ಮೊದಲಲ್ಲೇ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಸುಲಭದ ಹಂತವೋ, ಕಠಿಣದ ಹಂತವೋ? ಈ ಹೊತ್ತು ನಾನು ಹೇಳಹೊರಟಿರುವುದು ಈ ಪ್ರಶ್ನೆಯನ್ನು ಕುರಿತು.

ಮಕ್ಕಳಿರುವ ಮನೆಗಳಲ್ಲಿ ವಿಡಿಯೋ ಗೇಮ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಅದನ್ನು ಆದಷ್ಟು ಬೇಗ ಆಡಿ ಮುಗಿಸುವ ಪಂದ್ಯಕ್ಕೆ ಸ್ಪೀಡ್‌ರನ್, ಎಂದರೆ ವೇಗದ ಓಟ, ಎಂದು ಹೆಸರು. ಈ ಓಟದಲ್ಲಿ ಎರಡು ಬಗೆ. ಒಂದರಲ್ಲಿ ಆಟಗಾರ ತನ್ನ ಕೈ ಕಣ್ಣುಗಳನ್ನೇ ನಂಬಿ ಒಂದೇ ಉಸಿರಿಗೆ ಆಡುತ್ತಾನೆ. ಇನ್ನೊಂದರಲ್ಲಿ ಉಪಕರಣದ ನೆರವು ಪಡೆಯುತ್ತಾನೆ; ಇದೇ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್. ಈ ಹೆಸರು 1990ರ ದಶಕದ ಕೊನೆಯಲ್ಲಿ ಡೂಮ್ ಎಂಬ ಆಟವನ್ನು ಆಡುತ್ತಿದ್ದವರ ನಡುವೆ ಹುಟ್ಟಿತು. ಇಲ್ಲಿ ಆಟವನ್ನು ಬೇಕಾದಷ್ಟು ನಿಧಾನಗೊಳಿಸಬಹುದು. ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಕೆಟ್ಟರೆ ಅಲ್ಲಿಂದಲೇ ಮತ್ತೆ ಆಡಬಹುದು. ಡೂಮ್ ಆಟ ಸೆಕೆಂಡಿಗೆ 35 ಹೆಜ್ಜೆ ಇಡುತ್ತದೆ. ಆ 35ರಲ್ಲಿ ಒಂದೊಂದಕ್ಕೂ ಯಾವ ಗುಂಡಿ ಒತ್ತಬೇಕೆಂಬುದನ್ನು ಆಟಗಾರ ಕುಳಿತು ನಿರ್ಣಯಿಸುತ್ತಾನೆ.

ಹಾಗಾದರೆ ಇದು ಮೋಸವಲ್ಲವೆ ಎಂದು ನೀವು ಕೇಳಬಹುದು. ನಮ್ಮ ಸಾಹಿತ್ಯದಿಂದಲೇ ಒಂದು ಹೋಲಿಕೆ ಕೊಡುತ್ತೇನೆ. ಅವಧಾನಿ ಸಭೆಯ ನಡುವೆ ಕುಳಿತು, ಪೃಚ್ಛಕರು ಅಕ್ಷರ ಅಕ್ಷರಕ್ಕೂ ನಿಷೇಧ ಹೇರುತ್ತಿರುವಾಗ, ಆಶುವಾಗಿ ಪದ್ಯ ಕಟ್ಟುತ್ತಾನೆ. ಕವಿ ತನ್ನ ಮನೆಯಲ್ಲಿ ಕುಳಿತು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಾನೆ. ಇಬ್ಬರದೂ ವಿದ್ಯೆಯೇ. ಆದರೆ ಮನೆಯಲ್ಲಿ ಬರೆದುಕೊಂಡು ಬಂದ ಪದ್ಯವನ್ನು ಸಭೆಯಲ್ಲಿ ಆಶುಕವಿತೆಯೆಂದು ಹೇಳಿದರೆ ಮಾತ್ರ ಅದು ಮೋಸ. 2003ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ 3 ಎಂಬ ಆಟವನ್ನು ಸುಮಾರು 11 ನಿಮಿಷದಲ್ಲಿ ಮುಗಿಸಿದ ಜಪಾನಿನ ಓಟವೊಂದು ಲೋಕವೆಲ್ಲ ಹರಡಿತು. ಅದು ಕೈಚಳಕವೆಂದು ನಂಬಿದ್ದ ಅನೇಕರು ಉಪಕರಣದ ಸಂಗತಿ ತಿಳಿದಾಗ ಸಿಟ್ಟಾದರು. ಓಟದಲ್ಲಿ ದೋಷವಿರಲಿಲ್ಲ, ನೋಡಿದವರಿಗೆ ಅದು ಯಾವ ಬಗೆಯದೆಂದು ತಿಳಿದಿರಲಿಲ್ಲ, ಅಷ್ಟೆ.

ಈಗ ಕಷ್ಟದ ಹಂತಕ್ಕೆ ಬರೋಣ. 1993ರಲ್ಲಿ ಹೊರಬಂದ ಡೂಮ್‌ನಲ್ಲಿ ಐದು ಹಂತಗಳಿವೆ. ತೀರ ಕೆಳಗಿನದಕ್ಕೆ 'ಸಾಯುವ ವಯಸ್ಸು ನನ್ನದಲ್ಲ' ಎಂಬರ್ಥದ ಹೆಸರು. ತೀರ ಮೇಲಿನದಕ್ಕೆ ನೈಟ್‌ಮೇರ್, ಎಂದರೆ ದುಃಸ್ವಪ್ನ. ಮೇಲೇರಿದಂತೆ ರಾಕ್ಷಸರು ಹೆಚ್ಚುತ್ತಾರೆ. ದುಃಸ್ವಪ್ನದಲ್ಲಂತೂ ಅವರ ವೇಗ ಹೆಚ್ಚು, ಸತ್ತವರು ಮತ್ತೆ ಎದ್ದುಬರುತ್ತಾರೆ. ಬೇಗ ಮುಗಿಸುವುದೇ ಗುರಿಯಾದರೆ ಸುಲಭದ ಹಂತವೇ ಲೇಸಲ್ಲವೆ ಎಂದು ತೋರುವುದು ಸಹಜ.

ಆದರೆ ಇಲ್ಲಿ ಸ್ವಾರಸ್ಯವಿದೆ. ಡೂಮ್‌ನಲ್ಲಿ ಆಟಗಾರನಿಗೆ ಪೆಟ್ಟು ಬಿದ್ದರೆ ಅದರ ರಭಸಕ್ಕೆ ತಕ್ಕಂತೆ ಅವನು ತಳ್ಳಲ್ಪಡುತ್ತಾನೆ. ಜಾಣ ಓಟಗಾರ ಹತ್ತಿರದ ಗೋಡೆಗೆ ತಾನೇ ರಾಕೆಟ್ ಸಿಡಿಸಿ, ಆ ಸ್ಫೋಟದ ತಳ್ಳುವಿಕೆಯಿಂದ ಹಾರುತ್ತಾನೆ. ತೀರ ಸುಲಭದ ಹಂತದಲ್ಲಿ ಪೆಟ್ಟು ಅರ್ಧವಾಗುತ್ತದೆ. ಅದರೊಡನೆ ತಳ್ಳುವಿಕೆಯೂ ಅರ್ಧವಾಗುತ್ತದೆ. ಕರುಣೆ ತೋರಿದ ಹಂತವೇ ಕಾಲಿಗೆ ತೊಡಕಾಯಿತು! 1994ರ ಡೂಮ್ 2ರಲ್ಲಿ ಆರ್ಚ್‌ವೈಲ್ ಎಂಬ ರಾಕ್ಷಸನ ಹೊಡೆತ ಆಟಗಾರನನ್ನು ಮೇಲಕ್ಕೆಸೆಯುತ್ತದೆ. ಅವನು ಎದುರಾದ ಕಡೆ ಎತ್ತರದ ಜಗುಲಿಗೆ ಏರಲು ಆ ವೈರಿಯೇ ಏಣಿ. ಕಷ್ಟದ ಹಂತ ಎಲ್ಲ ಕಡೆಯೂ ಅಡ್ಡಿಯಲ್ಲ. ಬಲ್ಲವನಿಗೆ ಕೆಲವೆಡೆ ಅದೇ ದಾರಿ.

ಮತ್ತೊಂದು ಬಗೆಯ ಆಟ ನೋಡಿ. 1997ರ ಗೋಲ್ಡನ್‌ಐ 007ರಲ್ಲಿ ಕಷ್ಟ ಹೆಚ್ಚಿದಂತೆ ಕೆಲಸವೇ ಹೆಚ್ಚುತ್ತದೆ. ಅದರ ಮೊದಲನೆಯ ಅಂಕದಲ್ಲಿ, ಕೆಳಗಿನ ಹಂತದವನು ಅಣೆಕಟ್ಟಿನ ಮೇಲಿಂದ ಹಗ್ಗ ಕಟ್ಟಿಕೊಂಡು ಧುಮುಕಿದರೆ ಸಾಕು. ಮೇಲಿನ ಹಂತದವನು ಅದಕ್ಕೆ ಮೊದಲು ಎಚ್ಚರಿಕೆಯ ಗಂಟೆಗಳನ್ನೆಲ್ಲ ನಿಲ್ಲಿಸಬೇಕು, ಯಂತ್ರವೊಂದನ್ನು ಜೋಡಿಸಬೇಕು, ಮಾಹಿತಿ ಕದಿಯಬೇಕು. ಇಲ್ಲಿ ಸುಲಭದ ಓಟವೂ ಕಠಿಣದ ಓಟವೂ ಎರಡು ಬೇರೆ ಕಥೆಗಳು. ಒಂದನ್ನು ಇನ್ನೊಂದರ ಗಡಿಯಾರದಿಂದ ಅಳೆಯುವುದು ನ್ಯಾಯವಲ್ಲ.

ಮೂರನೆಯ ಬಗೆಯೂ ಉಂಟು. ಕೆಲವು ಆಟಗಳಲ್ಲಿ ಕಷ್ಟವೆಂದರೆ ವೈರಿಗೆ ಹತ್ತು ಏಟಿನ ಬದಲು ಮೂವತ್ತು ಏಟು, ಅಷ್ಟೆ. ಉಪಕರಣ ಹಿಡಿದವನಿಗೆ ಏಟು ತಪ್ಪುವುದಿಲ್ಲ. ನೋಡುವವನಿಗೆ ಮಾತ್ರ ಒಂದೇ ಏಟನ್ನು ಮೂವತ್ತು ಸಲ ನೋಡುವ ಬೇಸರ. ಇದು ಕಷ್ಟವಲ್ಲ, ಬರಿಯ ಉದ್ದ. ಸಾವಿರ ಪದ್ಯ ಬರೆದದ್ದರಿಂದಲೇ ಕಾವ್ಯ ಹಿರಿದಾಗುವುದಿಲ್ಲ. ಹದಿಮೂರನೆಯ ಶತಮಾನದ ಆಂಡಯ್ಯ ತತ್ಸಮ ಪದಗಳನ್ನು ದೂರವಿಟ್ಟು 'ಕಬ್ಬಿಗರ ಕಾವ'ವನ್ನು ಬರೆದ. ಯಾರೂ ಹೇರದ ಕಟ್ಟು ಅದು. ಆದರೆ ಆ ಕಟ್ಟಿನಿಂದಲೇ ಅಚ್ಚಗನ್ನಡದ ಕಸುವು ಕಾಣಿಸಿತು. ಆರಿಸಿದ ಕಷ್ಟ ಹೀಗೆ ಮರೆಯಲ್ಲಿದ್ದ ಒಂದು ಶಕ್ತಿಯನ್ನು ಬೆಳಕಿಗೆ ತರಬೇಕು.

ಈ ಆಯ್ಕೆಗೆ ಇಷ್ಟು ವಿಚಾರವೇಕೆಂದರೆ, ಅದನ್ನು ನಡುವೆ ಬದಲಾಯಿಸುವಂತಿಲ್ಲ. ಡೂಮ್‌ನ ಅದೃಷ್ಟವೆಲ್ಲ 256 ಅಂಕಿಗಳ ಒಂದು ಪಟ್ಟಿಯಲ್ಲಿ ಅಡಗಿದೆ. ರಾಕ್ಷಸನ ಗುರಿ, ಪೆಟ್ಟಿನ ಬಲ ಎಲ್ಲವೂ ಆ ಪಟ್ಟಿಯಿಂದ ಒಂದೊಂದಾಗಿ ಅಂಕಿ ಎತ್ತಿಕೊಳ್ಳುತ್ತವೆ. ಹಂತ ಬದಲಾಗಿ ಒಬ್ಬ ರಾಕ್ಷಸ ಹೆಚ್ಚಾದರೂ ಅಂಕಿಗಳ ಸರದಿ ತಪ್ಪುತ್ತದೆ. ಬರೆದಿಟ್ಟ ಗುಂಡಿಗಳನ್ನು ಹಾಗೆಯೇ ಒತ್ತಿದರೆ ಓಟಗಾರ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಾನೆ. ತಿಂಗಳುಗಟ್ಟಲೆಯ ದುಡಿಮೆ ಮೊದಲ ಒಂದು ಗುಂಡಿಯ ಮೇಲೆ ನಿಂತಿದೆ.

ಆದ್ದರಿಂದ ಬಲ್ಲವರು ಮೊದಲು ಆಟವನ್ನು ಓದುತ್ತಾರೆ. ಹೆಚ್ಚಿನ ಕಷ್ಟದಲ್ಲಿ ಹೊಸ ಚಮತ್ಕಾರಕ್ಕೆ ಎಡೆಯಿದ್ದರೆ ಕಠಿಣವನ್ನೇ ಹಿಡಿಯುತ್ತಾರೆ. ಬರಿಯ ವಿಳಂಬವಿದ್ದರೆ ಸಂಕೋಚಪಡದೆ ಸುಲಭವನ್ನು ಆರಿಸುತ್ತಾರೆ. ಯಾವುದನ್ನು ಆರಿಸಿದರೂ ಅದನ್ನು ಓಟದ ಹೆಸರಿನೊಡನೆಯೇ ಸಾರುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮಲ್ಲಿದೆ. ಈ ಆಟದಲ್ಲಿ ನೆಲವನ್ನು ಆರಿಸುವವನೂ ಕುಣಿಯುವವನೂ ಒಬ್ಬನೇ. ಡೊಂಕು ಯಾರದೆಂದು ಅವನು ಮತ್ತೊಬ್ಬರನ್ನು ಕೇಳುವಂತಿಲ್ಲ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇಂಥ ಓಟವೊಂದನ್ನು ತೋರಿಸಿದರೆ, ಎಷ್ಟು ನಿಮಿಷವಾಯಿತೆಂದು ಕೇಳಿ; ಜೊತೆಗೆ ಯಾವ ಹಂತವೆಂದೂ, ಅದನ್ನೇ ಏಕೆ ಆರಿಸಿದರೆಂದೂ ಕೇಳಿ. ಮಾತು ಅಲ್ಲಿಂದ ಚೆನ್ನಾಗಿ ಬೆಳೆಯುತ್ತದೆ.