ಹೆಬ್ಬಾತು ಹೊರಡುವ ಮುನ್ನ

ಮಾರ್ಚ್ ತಿಂಗಳು ಬಂತೆಂದರೆ ಈ ಸರಣಿಯ ಕೇಳುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ‘ನಮ್ಮ ಕೆರೆ ತುಂಬ ಬಾತುಗಳಿದ್ದವು, ವಾರ ಕಳೆಯುವುದರೊಳಗೆ ಒಂದೂ ಇಲ್ಲ. ಯಾರಾದರೂ ವಿಷ ಹಾಕಿದರೇ? ಹೊಸ ಮೊಬೈಲ್ ಟವರ್ ಕಾರಣವೇ?’

ಟವರಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಟವರು, ಮೊಬೈಲು ಎಂಬ ಹೆಸರೇ ಕೇಳಿರದ ಕಾಲದಲ್ಲೂ ವಲಸೆ ಬಾತುಗಳು ಇದೇ ಹೊತ್ತಿಗೆ ನಮ್ಮ ಕೆರೆ ಬಿಡುತ್ತಿದ್ದವು. ಇನ್ನು ವಿಷ. ವಿಷವಾಗಲಿ ರೋಗವಾಗಲಿ ಹೆಣ ಬಿಟ್ಟು ಹೋಗುತ್ತದೆ. ರಾಜಸ್ಥಾನದ ಸಾಂಭರ್ ಸರೋವರದಲ್ಲಿ 2019ರಲ್ಲಿ ಬಾಟುಲಿಸಂ ಎಂಬ ರೋಗ ಬಂದಾಗ ಸಾವಿರಾರು ಹಕ್ಕಿಗಳು ದಡದಲ್ಲೇ ಸತ್ತು ಬಿದ್ದಿದ್ದವು. ನಿಮ್ಮ ಕೆರೆಯಲ್ಲಿ ಹೆಣವೂ ಇಲ್ಲ, ಹಕ್ಕಿಯೂ ಇಲ್ಲ ಎಂದರೆ ಅವು ಹಾರಿಹೋಗಿವೆ, ಅಷ್ಟೇ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆಗೆ ಮರಿ ಮಾಡಲು ಹೊರಟಿದೆ. ಇದು ಊಹೆಯಲ್ಲ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲೇ ಕಂಡಿವೆ.

ಹಾಗಾದರೆ ಹೊರಡುವ ಹೊತ್ತು ಅವಕ್ಕೆ ತಿಳಿಯುವುದು ಹೇಗೆ? ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೋಗುತ್ತದೆ, ಸೆಕೆಗೆ ಹೆದರಿ ಹಕ್ಕಿಯೂ ಹೋಗುತ್ತದೆ ಎನ್ನುವವರು ಬಹಳ. ಓದಿದವರೂ ಹೇಳುತ್ತಾರೆ, ಅದೇ ನನಗೆ ಬೇಸರ. ವಿಲಿಯಂ ರೋವನ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಕೆನಡಾದ ಎಡ್ಮಂಟನ್‌ನಲ್ಲಿ ಇದನ್ನು ಪರೀಕ್ಷಿಸಿದರು. ಜಂಕೊ ಎಂಬ ಪುಟ್ಟ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲೇ ಹೊರಗಿನ ಪಂಜರದಲ್ಲಿಟ್ಟು, ಸಂಜೆ ವಿದ್ಯುತ್ ದೀಪ ಹಚ್ಚಿ ಹಗಲನ್ನು ಚೂರು ಚೂರೇ ಉದ್ದ ಮಾಡುತ್ತ ಹೋದರು. ಹೊರಗೆ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗೆ, ಹಕ್ಕಿಯ ಮೈಯೊಳಗೆ ಮಾತ್ರ ವಸಂತ! ನಡುಚಳಿಯಲ್ಲೇ ಅವುಗಳ ಜನನಾಂಗಗಳು ಸಂತಾನಕ್ಕೆ ಸಿದ್ಧವಾಗಿ ಬೆಳೆದಿದ್ದವು. ಅಂದರೆ ಹಕ್ಕಿ ಲೆಕ್ಕ ಹಾಕುವುದು ಹಗಲಿನ ಉದ್ದವನ್ನು. ಆ ಬೆಳಕು ಕಣ್ಣಿನಿಂದಲೇ ಹೋಗಬೇಕೆಂದಿಲ್ಲ, ತೆಳುವಾದ ತಲೆಬುರುಡೆಯನ್ನು ದಾಟಿ ನೇರ ಮಿದುಳಿಗೇ ಮುಟ್ಟುತ್ತದೆ. ಡಿಸೆಂಬರ್ ಕೊನೆಗೂ ಮಾರ್ಚ್ ಮೊದಲಿಗೂ ಗದಗಿನಲ್ಲಿ ಹಗಲು ಬೆಳೆಯುವುದು ಸುಮಾರು ಅರ್ಧ ಗಂಟೆ. ನಮಗೆ ಗೊತ್ತೇ ಆಗದ ಆ ಅರ್ಧ ಗಂಟೆ, ಒಳಗೇ ಇರುವ ವರ್ಷದ ಗಡಿಯಾರದ ಜೊತೆ ಸೇರಿ, ಹಕ್ಕಿಗೆ ಒಂದು ಕೆಲಸ ಹಚ್ಚುತ್ತದೆ: ತಿನ್ನು.

ಇವತ್ತು ನಾನು ಹೇಳಬೇಕೆಂದಿರುವುದು ಈ ತಿನ್ನುವ ವಿಷಯವನ್ನೇ. ಹೊರಡುವ ಮುಂಚಿನ ವಾರಗಳಲ್ಲಿ ಹಕ್ಕಿ ಹಸಿವಿಗಾಗಿ ತಿನ್ನುವುದಿಲ್ಲ, ದಾರಿಗಾಗಿ ತಿನ್ನುತ್ತದೆ. ತಿಂದದ್ದು ಕೊಬ್ಬಾಗಿ ಚರ್ಮದಡಿ ಕೂರುತ್ತದೆ. ಅದೇ ಅದರ ಬುತ್ತಿ. ಒಂದು ಗ್ರಾಂ ಹಿಟ್ಟಿನ ಪದಾರ್ಥದಿಂದ ನಾಲ್ಕು ಕಿಲೊಕ್ಯಾಲರಿ ಶಕ್ತಿ ಬಂದರೆ ಒಂದು ಗ್ರಾಂ ಕೊಬ್ಬಿನಿಂದ ಒಂಬತ್ತು ಬರುತ್ತದೆ. ಕೊಬ್ಬು ಉರಿದಾಗ ಮೈಗೆ ಒಂದಿಷ್ಟು ನೀರೂ ಸಿಗುತ್ತದೆ. ಹಾರುವ ಜೀವಕ್ಕೆ ಪ್ರತಿ ಗ್ರಾಮೂ ಹೊರೆ, ಆದ್ದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಬುತ್ತಿ ಕಟ್ಟಬೇಕು. ಹತ್ತು ಹನ್ನೆರಡು ಗ್ರಾಂ ತೂಗುವ ಉಲಿಯಕ್ಕಿಗಳ ಜಾತಿಯಲ್ಲಿ ಮರುಭೂಮಿ ದಾಟುವ ಕೆಲವು ಹೊರಡುವ ಮುನ್ನ ತೂಕವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಳ್ಳುತ್ತವೆ. ಬಹುದೂರ ಹಾರುವ ಕೆಲವು ಗೊರವಗಳಂತೂ ಕೊಬ್ಬು ತುಂಬಿಕೊಂಡ ಮೇಲೆ ಹೊರೆ ಇಳಿಸಲು ತಮ್ಮ ಜಠರ, ಕರುಳುಗಳನ್ನೇ ಕುಗ್ಗಿಸಿಕೊಳ್ಳುತ್ತವೆ.

ಈ ಕೊಬ್ಬನ್ನು ಕಣ್ಣಾರೆ ನೋಡಬಹುದು. ತಮಿಳುನಾಡಿನ ಕೋಡಿಯಕ್ಕರೈಯಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವರ ಪಕ್ಕ ನಿಂತು ನಾನು ನೋಡಿದ್ದೇನೆ. ಹಕ್ಕಿಯನ್ನು ಅಂಗೈಯಲ್ಲಿ ಅಂಗಾತ ಹಿಡಿದು ಎದೆಯ ಮೇಲಿನ ಪುಕ್ಕಗಳನ್ನು ಬಾಯಿಂದ ಮೆಲ್ಲಗೆ ಊದುತ್ತಾರೆ. ಪುಕ್ಕ ಎರಡು ಕಡೆಗೆ ಸರಿದಾಗ ಒಳಗೆ ಕಾಗದದಷ್ಟು ತೆಳುವಾದ ಚರ್ಮ. ಕೊರಳಿನ ಬುಡದಲ್ಲಿ, ಎರಡು ಎಲುಬು ಕೂಡುವ ಕಡೆ, ಒಂದು ಸಣ್ಣ ಗುಳಿ. ಬಡಕಲು ಹಕ್ಕಿಯಲ್ಲಿ ಅದು ಬರಿದು, ಕೆಂಪಗೆ. ಪಯಣಕ್ಕೆ ಸಿದ್ಧವಾದದ್ದರಲ್ಲಿ ಅದೇ ಗುಳಿ ಹಳದಿ ಕೊಬ್ಬು ತುಂಬಿ ಉಬ್ಬಿರುತ್ತದೆ. ಉಂಗುರ ತೊಡಿಸುವವರು ಅದಕ್ಕೊಂದು ಅಂಕಿ ಕೊಟ್ಟು, ಪುಸ್ತಕದಲ್ಲಿ ಬರೆದು, ಹಕ್ಕಿಯನ್ನು ಬಿಟ್ಟುಬಿಡುತ್ತಾರೆ.

ಈಗ ಹೆಬ್ಬಾತಿಗೆ ಬನ್ನಿ. ಅದು ಎರಡು ಮೂರು ಕಿಲೋ ತೂಗುವ ಹಕ್ಕಿ. ಹದ್ದಿನಂತೆ ರೆಕ್ಕೆ ಬಿಚ್ಚಿ ಗಾಳಿಯಲ್ಲಿ ತೇಲುವುದಿಲ್ಲ, ದಾರಿಯುದ್ದಕ್ಕೂ ಬಡಿಯುತ್ತಲೇ ಇರಬೇಕು. ಉಪಕರಣ ಕಟ್ಟಿ ನೋಡಿದಾಗ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ ದಾಖಲೆ ಸಿಕ್ಕಿದೆ. ಆದರೂ ಆದಷ್ಟು ಮಟ್ಟಿಗೆ ಅದು ಬೆಟ್ಟದ ಏರಿಳಿತಕ್ಕೆ ತಕ್ಕಂತೆ ತಾನೂ ಏರುತ್ತ ಇಳಿಯುತ್ತ ಸಾಗುತ್ತದೆ. ಎತ್ತರ ಹೋದಷ್ಟೂ ಗಾಳಿ ತೆಳುವಾಗಿ ರೆಕ್ಕೆ ಬಡಿತದ ಖರ್ಚು ವಿಪರೀತ ಏರುತ್ತದೆ. ಅಷ್ಟು ಲೆಕ್ಕ ನೋಡಿ ಖರ್ಚು ಮಾಡುವ ಹಕ್ಕಿ ಅದು. ನಾವು ಮಾಡುವುದೇನು? ಕೆರೆ ಏರಿಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತೇವೆ. ಯಾಕೆ? ಹಾರುವ ಫೋಟೋ ಬೇಕಲ್ಲ! ಒಮ್ಮೆ ಒಬ್ಬರು ಡ್ರೋನ್ ಬಿಟ್ಟರು. ಹಗಲಿಡೀ ವಿಶ್ರಮಿಸಬೇಕಾದ ಹಿಂಡು ನೀರಿನಿಂದೆದ್ದು ಸುತ್ತು ಹಾಕಿತು, ಇಳಿಯಿತು, ಮತ್ತೆ ಎದ್ದಿತು. ಬೇಡ ಎಂದೆ. ‘ಸಾರ್, ಅವು ಹಾರೋಕೇ ಹುಟ್ಟಿರೋದು’ ಎಂದರು. ಕೂತಿರುವ ಹಕ್ಕಿಗಿಂತ ಹಾರುವ ಹಕ್ಕಿಗೆ ಎಷ್ಟೋ ಪಟ್ಟು ಖರ್ಚು. ಸಂಜೆ ಹೊಲಕ್ಕೆ ಹೋಗಿ ಮೇಯ್ದು ಕೂಡಿಸಿದ್ದನ್ನು ಮಧ್ಯಾಹ್ನ ನಾವು ಹಾರಿಸಿ ಕರಗಿಸಿದರೆ ಬುತ್ತಿ ತುಂಬುವುದು ಯಾವಾಗ? ಮತ್ತೊಮ್ಮೆ ಹೇಳುತ್ತೇನೆ: ಒಂದೊಂದು ಸಲ ಎಬ್ಬಿಸಿದಾಗಲೂ ಬುತ್ತಿಯಲ್ಲಿ ಒಂದು ತುತ್ತು ಹೋಯಿತು. ನೀವು ಮಾರ್ಚಿನಲ್ಲಿ ಖಾಲಿ ಕೆರೆ ನೋಡಿ ಗಾಬರಿಯಾಗುತ್ತೀರಿ. ಗಾಬರಿಯಾಗಬೇಕಾದದ್ದು ಫೆಬ್ರವರಿಯಲ್ಲಿ, ಕೆರೆ ತುಂಬಿದ್ದಾಗ.

ಬ್ರೆಡ್ಡು, ಮಂಡಕ್ಕಿ ಎಸೆದು ಬುತ್ತಿ ಕಟ್ಟಿಕೊಡುತ್ತೇವೆ ಎನ್ನುವ ದಾನಿಗಳೇ, ದಯವಿಟ್ಟು ಬೇಡ. ನೀರು ಕೆಡುತ್ತದೆ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೆಬ್ಬಾತು ಹೋದರೂ ನೋಡುವುದಕ್ಕೇನೂ ಬರವಿಲ್ಲ. ಗುಲಾಬಿ ಕಬ್ಬಕ್ಕಿಗಳು ಇನ್ನೂ ಇರುತ್ತವೆ, ಹೂಬಿಟ್ಟ ಬೂರುಗ, ಮುತ್ತುಗದ ಮರಗಳಲ್ಲಿ ಹುಡುಕಿ. ಹಳದಿ ಕುಂಡೆಕುಸ್ಕಗಳು ಹಳೆಯ ಮಾಸಲು ಪುಕ್ಕ ಉದುರಿಸಿ ಹೊಸ ಹಳದಿ ಉಡುತ್ತಿರುತ್ತವೆ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳಲ್ಲಿ ಬಣ್ಣದ ಕೊಕ್ಕರೆಗಳ ಗೂಡಿನ ಕಾಲ ಇದು, ಅಲ್ಲೂ ದೂರವೇ ನಿಲ್ಲಿ. ಕೊನೆಯ ಹೆಬ್ಬಾತು ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ನನಗೆ ಪತ್ರ ಬರೆಯುವಾಗ ಆ ತಾರೀಕನ್ನೂ ಬರೆಯಿರಿ. ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಿದ್ದರೆ, ಅಥವಾ ಕತ್ತು ಜೋತು ಬಿದ್ದು ರೆಕ್ಕೆ ಎತ್ತಲಾರದೆ ದಡದಲ್ಲಿ ಕೂತಿದ್ದರೆ ಮಾತ್ರ ಅದು ಬೇರೆಯೇ ವಿಷಯ. ಕೈಯಿಂದ ಮುಟ್ಟಬೇಡಿ, ನಾಯಿಗಳನ್ನು ಹತ್ತಿರ ಬಿಡಬೇಡಿ, ಅರಣ್ಯ ಇಲಾಖೆಗೂ ಊರಿನ ಪಶುವೈದ್ಯರಿಗೂ ಅಂದೇ ತಿಳಿಸಿ.